ತುಂಬಿದ ತೊಟ್ಟಿಯನ್ನು ಬರಿದುಮಾಡುವ ಬಗೆ

ದಾವಣಗೆರೆಯ ಹದಡಿ ರಸ್ತೆಯನ್ನು ಹಿಡಿದು ನಗರದಿಂದ ಹೊರಬಿದ್ದು ಹದಡಿ ಗ್ರಾಮವನ್ನು ಸೇರುವಷ್ಟರಲ್ಲಿ ನಾವು ಒಂದು ಗಡಿಯನ್ನು ದಾಟಿರುತ್ತೇವೆ. ಅದು ನೆಲದೊಳಗಿನ ಗಡಿಯಾದುದರಿಂದ ಕಣ್ಣಿಗೆ ಕಾಣಿಸದು. ನಗರದ ನಡುಭಾಗದಲ್ಲಿ ಶೌಚಾಲಯದ ಕೊಳೆನೀರು ಒಳಚರಂಡಿಯ ಕೊಳವೆಗಳನ್ನು ಸೇರಿ ದೂರಕ್ಕೆ ಹರಿದುಹೋಗುತ್ತದೆ. ಆ ಕೊಳವೆಗಳು ಮುಗಿಯುವ ಕಡೆಯಿಂದ ಆಚೆಗೆ, ಹೊಸ ಬಡಾವಣೆಗಳಲ್ಲಾಗಲಿ ಹಳ್ಳಿಗಳಲ್ಲಾಗಲಿ, ಪ್ರತಿಯೊಂದು ಮನೆಯೂ ತನ್ನ ಕೊಳೆಯನ್ನು ತನ್ನ ಹಿತ್ತಲಿನಲ್ಲಿಯೇ ಕೂಡಿಟ್ಟುಕೊಳ್ಳಬೇಕು. ಅದಕ್ಕಾಗಿ ಅಗೆದು ಕಟ್ಟಿ, ಚಪ್ಪಡಿ ಮುಚ್ಚಿದ ತೊಟ್ಟಿಯನ್ನು ಜನರು ಸೆಪ್ಟಿಕ್ ಟ್ಯಾಂಕು ಎಂದೂ, ಪಿಟ್ಟು ಎಂದೂ, ಬರಿದೆ ಗುಂಡಿ ಎಂದೂ ಕರೆಯುತ್ತಾರೆ. ಮುಚ್ಚಿದ ಮೇಲೆ ಅದನ್ನು ಮರೆತುಬಿಡುವುದೇ ವಾಡಿಕೆ. ಒಂದು ದಿನ ನೀರು ಹಿಮ್ಮೆಟ್ಟಿ ದುರ್ವಾಸನೆ ಮನೆಯನ್ನು ತುಂಬಿದಾಗ ಮಾತ್ರ ಅದರ ನೆನಪಾಗುತ್ತದೆ.

ಆಗ ಏಳುವ ಪ್ರಶ್ನೆಗಳು ಮೂರು. ಇದನ್ನು ಯಾರು ಬರಿದುಮಾಡಬೇಕು? ಹೇಗೆ ಬರಿದುಮಾಡಬೇಕು? ತೆಗೆದುದನ್ನು ಎಲ್ಲಿ ಹಾಕಬೇಕು? ಈ ಮೂರಕ್ಕೂ ತಪ್ಪು ಉತ್ತರ ಕೊಟ್ಟುದರಿಂದ ನಮ್ಮ ದೇಶದಲ್ಲಿ ಅನೇಕ ಮಂದಿ ಪ್ರಾಣ ಕಳೆದುಕೊಂಡಿದ್ದಾರೆ; ಎಷ್ಟೋ ಬಾವಿಗಳ ನೀರು ಕೆಟ್ಟಿದೆ. ಸರಿಯಾದ ಉತ್ತರವು ಪ್ರೌಢಶಾಲೆಯಲ್ಲಿ ನಾವು ಕಲಿಯುವ ಭೌತ, ರಸಾಯನ, ಜೀವವಿಜ್ಞಾನಗಳಲ್ಲಿಯೇ ಅಡಗಿದೆ. ಅದನ್ನು ಒಂದೊಂದಾಗಿ ವಿಚಾರಮಾಡೋಣ.

ತೊಟ್ಟಿಯ ಹುಟ್ಟು

ಫ್ರಾನ್ಸ್ ದೇಶದ ವೆಸೂಲ್ ಎಂಬ ಊರಿನಲ್ಲಿ 1860ರ ಸುಮಾರಿಗೆ ಲೂಯಿ ಮುರಾ ಎಂಬಾತನು ಮನೆಯ ಕೊಳೆನೀರನ್ನು ಒಂದು ಮುಚ್ಚಿದ ಕಲ್ಲಿನ ತೊಟ್ಟಿಗೆ ಹರಿಯಿಸಿದನು. ಒಳಗೆ ಬರುವ ಕೊಳವೆಯ ಬಾಯಿಯೂ ಹೊರಗೆ ಹೋಗುವ ಕೊಳವೆಯ ಬಾಯಿಯೂ ನೀರಿನಲ್ಲಿ ಮುಳುಗಿರುವಂತೆ ಆತನು ಏರ್ಪಡಿಸಿದ್ದನು. ಕೆಲವು ವರ್ಷಗಳ ಬಳಿಕ ತೆರೆದು ನೋಡಿದಾಗ, ತೊಟ್ಟಿಯಲ್ಲಿ ಗಟ್ಟಿ ಪದಾರ್ಥವು ಎಣಿಸಿದ್ದಕ್ಕಿಂತ ಬಹಳ ಕಡಮೆಯಾಗಿತ್ತು. 1881ರಲ್ಲಿ ಆತನು ಇದಕ್ಕೆ ಪೇಟೆಂಟು ಪಡೆದನು. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮರನ್ ಎಂಬಾತನು 1895ರ ಸುಮಾರಿನಲ್ಲಿ ಇಂಥದೇ ದೊಡ್ಡ ತೊಟ್ಟಿಯನ್ನು ಕಟ್ಟಿಸಿ ಅದಕ್ಕೆ ಸೆಪ್ಟಿಕ್ ಟ್ಯಾಂಕು ಎಂಬ ಹೆಸರಿಟ್ಟನು. ಸೆಪ್ಟಿಕ್ ಎಂದರೆ ಗ್ರೀಕ್ ಮೂಲದಲ್ಲಿ ಕೊಳೆಯಿಸುವುದು ಎಂದರ್ಥ. ಕೂಡಿಡುವ ಗುಂಡಿಗೂ ಕೊಳೆಯಿಸುವ ತೊಟ್ಟಿಗೂ ಇರುವ ವ್ಯತ್ಯಾಸವನ್ನು ಈ ಹೆಸರೇ ಸೂಚಿಸುತ್ತದೆ.

ಒಳಗೆ ನಡೆಯುವುದೇನು?

ಒಂದು ಗಾಜಿನ ಜಾಡಿಯಲ್ಲಿ ನೀರು, ಮಣ್ಣು, ಸ್ವಲ್ಪ ಎಣ್ಣೆ ಈ ಮೂರನ್ನು ಹಾಕಿ ಕಲಕಿ ಒಂದು ಗಂಟೆ ಅಲುಗಿಸದೆ ಬಿಡಿರಿ. ಮಣ್ಣು ತಳಕ್ಕಿಳಿಯುತ್ತದೆ, ಎಣ್ಣೆ ಮೇಲೇರುತ್ತದೆ, ನಡುವೆ ಸುಮಾರಾಗಿ ತಿಳಿಯಾದ ನೀರು ನಿಲ್ಲುತ್ತದೆ. ತೊಟ್ಟಿಯಲ್ಲಿಯೂ ಮೊದಲು ನಡೆಯುವುದು ಇದೇ. ಭಾರವಾದ ಭಾಗವು ಗಸಿಯಾಗಿ ತಳದಲ್ಲಿ ಕೂಡುತ್ತದೆ. ಜಿಡ್ಡು, ಹಗುರಾದ ಕಣಗಳು ಕೆನೆಯಂತೆ ಮೇಲೆ ಕಟ್ಟುತ್ತವೆ. ನಡುವಣ ನೀರು ಮಾತ್ರ ಹೊರಕೊಳವೆಯ ಮೂಲಕ ಇಂಗುಗುಂಡಿಗೆ ಹರಿಯುತ್ತದೆ. ಕೊಳವೆಗಳ ಬಾಯನ್ನು ‘ಟಿ’ ಆಕಾರದಲ್ಲಿ ಕೆಳಕ್ಕೆ ಬಾಗಿಸಿರುವುದು ಕೆನೆಯೂ ಗಸಿಯೂ ಹೊರಕ್ಕೆ ಹೋಗದಿರಲೆಂದೇ.

ಎರಡನೆಯ ಕಾರ್ಯವು ಬ್ಯಾಕ್ಟೀರಿಯಗಳದು. ತೊಟ್ಟಿಯೊಳಗೆ ಆಮ್ಲಜನಕವಿಲ್ಲ. ಅದಿಲ್ಲದೆಯೇ ಬದುಕಬಲ್ಲ ಜೀವಿಗಳು ಅಲ್ಲಿ ಕೋಟಿಗಟ್ಟಲೆ ನೆಲಸಿರುತ್ತವೆ. ಅವುಗಳಲ್ಲಿ ಒಂದು ಗುಂಪು ಪಿಷ್ಟ, ಸಸಾರಜನಕ, ಕೊಬ್ಬುಗಳನ್ನು ಒಡೆದು ಸರಳವಾದ ಆಮ್ಲಗಳನ್ನಾಗಿ ಮಾಡುತ್ತದೆ. ಮತ್ತೊಂದು ಗುಂಪು ಆ ಆಮ್ಲಗಳಿಂದ ಮೀಥೇನನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುಗಡೆಮಾಡುತ್ತದೆ. 1776ರಲ್ಲಿ ಇಟಲಿಯ ವಿಜ್ಞಾನಿ ಆಲೆಸಾಂಡ್ರೊ ವೋಲ್ಟ ಸರೋವರದ ಜೌಗಿನಿಂದ ಗುಳ್ಳೆಗಳಾಗಿ ಏಳುವ ಅನಿಲವನ್ನು ಹಿಡಿದು ಅದು ಉರಿಯುವುದನ್ನು ಕಂಡನಷ್ಟೆ. ಅದು ಈ ಮೀಥೇನೇ. ನಮ್ಮ ಹಳ್ಳಿಗಳ ಗೋಬರ್ ಅನಿಲದ ಸ್ಥಾವರದಲ್ಲಿ ಒಲೆ ಉರಿಸುವುದೂ ಅದೇ. ಗಂಧಕವುಳ್ಳ ಪದಾರ್ಥಗಳು ಕೊಳೆಯುವಾಗ ಹೈಡ್ರೋಜನ್ ಸಲ್ಫೈಡು ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತವೆಂದು ಎಲ್ಲರಿಗೂ ಪರಿಚಿತವಾದುದು ಇದು. ಈ ಅನಿಲದ ವಿಚಾರವನ್ನು ಮುಂದೆ ವಿಸ್ತಾರವಾಗಿ ಹೇಳಬೇಕಾಗಿದೆ.

ಎಷ್ಟೇ ಕೊಳೆತರೂ ಎಲ್ಲವೂ ಅನಿಲವಾಗಿ ಹೋಗುವುದಿಲ್ಲ. ಕರಗದ ಶೇಷವು ವರ್ಷದಿಂದ ವರ್ಷಕ್ಕೆ ತಳದಲ್ಲಿ ಬೆಳೆಯುತ್ತದೆ. ಹೊರಬರುವ ನೀರು ತಿಳಿಯಾಗಿದ್ದರೂ ಶುದ್ಧವಲ್ಲ. ರೋಗಾಣುಗಳೂ ಕರುಳಹುಳುಗಳ ಮೊಟ್ಟೆಗಳೂ ಅದರಲ್ಲಿ ಬಹಳಮಟ್ಟಿಗೆ ಉಳಿದೇ ಇರುತ್ತವೆ. ತೊಟ್ಟಿಯು ಅರ್ಧ ಕೆಲಸವನ್ನು ಮಾತ್ರ ಮಾಡುತ್ತದೆ. ಉಳಿದ ಅರ್ಧವನ್ನು ಮಣ್ಣು ಮಾಡಬೇಕು.

ಮಣ್ಣಿನ ಪಾಲು

ಕಣಗಳ ಸಂದಿಯಲ್ಲಿ ನೀರು ನಿಧಾನವಾಗಿ ಇಳಿಯುವಾಗ ರೋಗಾಣುಗಳು ಸೋಸಲ್ಪಡುತ್ತವೆ, ಕಣಗಳಿಗೆ ಅಂಟಿಕೊಳ್ಳುತ್ತವೆ, ಕಾಲಕ್ರಮದಲ್ಲಿ ಸಾಯುತ್ತವೆ. ಇದಕ್ಕೆ ಮಣ್ಣು ತೀರ ಬಿಗಿಯಾಗಿಯೂ ಇರಬಾರದು, ತೀರ ಸಡಿಲವಾಗಿಯೂ ಇರಬಾರದು. ದಾವಣಗೆರೆಯ ಸೀಮೆಯಲ್ಲಿ ಕೆಮ್ಮಣ್ಣೂ ಉಂಟು, ಹಿಂದೆ ಹತ್ತಿಗೆ ಹೆಸರಾಗಿದ್ದ ಎರೆಮಣ್ಣೂ ಉಂಟು. ಎರೆಯು ಮಳೆಗಾಲದಲ್ಲಿ ಉಬ್ಬಿ ಸಂದಿಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗುಗುಂಡಿಯಲ್ಲಿ ನೀರು ಇಂಗದೆ ಮೇಲೆ ನಿಲ್ಲುತ್ತದೆ. ಬೇಸಗೆಯಲ್ಲಿ ಅದೇ ಎರೆಯು ಅಡಿಗಟ್ಟಲೆ ಆಳಕ್ಕೆ ಬಿರಿಯುತ್ತದೆ. ಆಗ ಕೊಳೆನೀರು ಸೋಸದೆಯೇ ಬಿರುಕಿನಲ್ಲಿ ಇಳಿದುಬಿಡಬಹುದು. ಭದ್ರಾ ಕಾಲುವೆಯ ನೀರು ಹರಿಯುವ ಕಡೆ ಮತ್ತೊಂದು ತೊಡಕುಂಟು. ಗದ್ದೆಗಳಿಗೆ ನೀರು ಕಟ್ಟಿದಾಗ ಅಂತರ್ಜಲದ ಮಟ್ಟವು ಮೇಲಕ್ಕೇರುತ್ತದೆ. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣಮಣ್ಣಿನ ಪದರವೇ ಉಳಿಯದಿದ್ದರೆ ಸೋಸುವ ಕೆಲಸ ನಡೆಯುವುದಾದರೂ ಎಲ್ಲಿ?

ಈ ಸಂಬಂಧವನ್ನು ಲೋಕಕ್ಕೆ ತೋರಿಸಿಕೊಟ್ಟ ಘಟನೆ ಲಂಡನ್ನಿನಲ್ಲಿ ನಡೆಯಿತು. 1854ರಲ್ಲಿ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ಹಬ್ಬಿ ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ವೈದ್ಯನಾದ ಜಾನ್ ಸ್ನೋ, ಸತ್ತವರು ಆ ಬೀದಿಯ ಒಂದು ಕೈಪಂಪಿನ ನೀರನ್ನು ಕುಡಿದವರೆಂಬುದನ್ನು ಮನೆ ಮನೆ ವಿಚಾರಿಸಿ ಕಂಡುಹಿಡಿದನು. ಮರುವರ್ಷ ನೆಲವನ್ನು ಅಗೆಯಿಸಿದಾಗ, ಪಕ್ಕದ ಮನೆಯ ಮಲಗುಂಡಿಯು ಆ ಬಾವಿಯಿಂದ ಮೂರು ಅಡಿಯೊಳಗೇ ಇದ್ದುದೂ, ಅದರ ಇಟ್ಟಿಗೆಗಳು ಶಿಥಿಲವಾಗಿ ಕೊಳೆ ಬಾವಿಯತ್ತ ಒಸರುತ್ತಿದ್ದುದೂ ಬಯಲಾಯಿತು. ಬಾವಿಗೂ ಇಂಗುಗುಂಡಿಗೂ ನಡುವೆ ಕನಿಷ್ಠ 10 ಮೀಟರು, ಸಾಧ್ಯವಾದರೆ 15 ಮೀಟರು ಅಂತರವಿರಬೇಕೆಂದು ಇಂದು ಹೇಳುವುದರ ಹಿಂದೆ ಇಂಥ ಅನುಭವವಿದೆ. ಬಿರುಕುಬಿಟ್ಟ ಬಂಡೆಯ ನೆಲದಲ್ಲಿ ಆ ಅಂತರವೂ ಸಾಲದೆ ಹೋಗಬಹುದು.

ನಿಮ್ಮ ಹಿತ್ತಲಿನ ಮಣ್ಣು ಹೇಗೆಂಬುದನ್ನು ನೀವೇ ಪರೀಕ್ಷಿಸಬಹುದು. ಇಂಗುಗುಂಡಿ ತೋಡಬೇಕೆಂದಿರುವ ಆಳಕ್ಕೆ ಒಂದು ಗೇಣು ಅಗಲದ ಕುಳಿಯನ್ನು ತೆಗೆದು, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಿರಿ. ಮರುದಿನ ಮತ್ತೆ ನೀರು ಹಾಕಿ, ಮಟ್ಟವು 25 ಮಿಲಿಮೀಟರು ಇಳಿಯಲು ಎಷ್ಟು ನಿಮಿಷ ಹಿಡಿಯುತ್ತದೆಂಬುದನ್ನು ಗುರುತುಹಾಕಿಕೊಳ್ಳಿರಿ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಆದೀತು. 60 ನಿಮಿಷಕ್ಕೂ ಹೆಚ್ಚು ಹಿಡಿದರೆ ಆ ನೆಲವು ಇಂಗಿಸುವ ಕೆಲಸಕ್ಕೆ ತಕ್ಕುದಲ್ಲ.

ಎಷ್ಟು ಕಾಲಕ್ಕೊಮ್ಮೆ?

ಭಾರತೀಯ ಮಾನಕದಂತೆ ಐದು ಜನರ ಮನೆಗೆ ತೊಟ್ಟಿಯ ಉದ್ದ 1.5 ಮೀಟರು, ಅಗಲ 0.75 ಮೀಟರು, ಎರಡು ವರ್ಷಕ್ಕೊಮ್ಮೆ ಬರಿದುಮಾಡುವುದಾದರೆ ನೀರಿನ ಆಳ 1.05 ಮೀಟರು. ಗುಣಿಸಿದರೆ ಸುಮಾರು 1,180 ಲೀಟರು. ಒಬ್ಬ ಮನುಷ್ಯನಿಂದ ವರ್ಷಕ್ಕೆ ಕೂಡುವ ಕೊಳೆತ ಗಸಿಯನ್ನು ಸುಮಾರು 40ರಿಂದ 70 ಲೀಟರೆಂದು ಇಟ್ಟುಕೊಳ್ಳೋಣ. ಐದು ಜನರಿಗೆ 200ರಿಂದ 350 ಲೀಟರಾಯಿತು. ತೊಟ್ಟಿಯ ಮೂರರಲ್ಲಿ ಒಂದು ಭಾಗ, ಎಂದರೆ ಸುಮಾರು 390 ಲೀಟರು, ಗಸಿಯಿಂದ ತುಂಬಲು ಒಂದರಿಂದ ಎರಡು ವರ್ಷ ಸಾಕು. ತೊಟ್ಟಿ ಇದಕ್ಕಿಂತ ದೊಡ್ಡದಾಗಿದ್ದರೆ ಎರಡು ಮೂರು ವರ್ಷ ಹಿಡಿದೀತು.

“ನಮ್ಮ ತೊಟ್ಟಿಯನ್ನು ಹದಿನೈದು ವರ್ಷದಿಂದ ತೆರೆದೇ ಇಲ್ಲ, ಏನೂ ಆಗಿಲ್ಲ” ಎಂದು ಹೆಮ್ಮೆಯಿಂದ ಹೇಳುವವರನ್ನು ನಾವು ಎಲ್ಲೆಡೆಯೂ ಕಾಣುತ್ತೇವೆ. ಮೇಲಣ ಲೆಕ್ಕದಂತೆ ಇದು ಸಾಧ್ಯವಾಗುವುದು ಎರಡೇ ಸಂದರ್ಭಗಳಲ್ಲಿ. ಒಂದು, ಅದು ತಳಕ್ಕೆ ಕಾಂಕ್ರೀಟು ಹಾಕದ ಗುಂಡಿಯಾಗಿದ್ದು ಎಲ್ಲವೂ ನೆಲಕ್ಕೆ ಇಳಿಯುತ್ತಿರಬೇಕು. ಇಲ್ಲವೆ, ತುಂಬಿದ ಗಸಿಯು ನೀರಿನೊಡನೆ ಹೊರಬಿದ್ದು ಬೀದಿಯ ಚರಂಡಿಯನ್ನು ಸೇರುತ್ತಿರಬೇಕು. ಎರಡರಲ್ಲಿ ಯಾವುದೂ ಹೆಮ್ಮೆಪಡತಕ್ಕದ್ದಲ್ಲ.

ತೊಟ್ಟಿ ತುಂಬಿದೆಯೇ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ಉದ್ದವಾದ ಕೋಲಿನ ತುದಿಗೆ ಒಂದು ಮೀಟರಿನಷ್ಟು ದೂರ ಬಿಳಿಯ ಒರಟು ಬಟ್ಟೆಯನ್ನು ಸುತ್ತಿ, ಹೊರಕೊಳವೆಯ ಕಡೆಯ ಸಣ್ಣ ಕಿಂಡಿಯಿಂದ ತಳಮುಟ್ಟುವವರೆಗೆ ಇಳಿಯಿಸಿ, ಸ್ವಲ್ಪಹೊತ್ತು ಬಿಟ್ಟು ಮೆಲ್ಲನೆ ಎತ್ತಬೇಕು. ಗಸಿ ಇದ್ದಷ್ಟು ಎತ್ತರಕ್ಕೆ ಬಟ್ಟೆ ಕಪ್ಪಾಗಿರುತ್ತದೆ. ಇದನ್ನು ಹಿರಿಯರು ಮಾಡಬೇಕು, ಕಿಂಡಿಯ ಮೇಲೆ ಬಗ್ಗಬಾರದು, ಕೈಗವಸು ಇರಬೇಕು, ಹತ್ತಿರದಲ್ಲಿ ಬೆಂಕಿ, ಬೀಡಿ ಇರಲೇಬಾರದು. ಅದೇಕೆಂಬುದನ್ನು ಈಗ ನೋಡೋಣ.

ಇಳಿಯಬಾರದೇಕೆ?

ತೊಟ್ಟಿಯ ಅನಿಲಗಳಲ್ಲಿ ಮೀಥೇನು ಗಾಳಿಗಿಂತ ಹಗುರ. ಇಂಗಾಲದ ಡೈಆಕ್ಸೈಡು ಸುಮಾರು ಒಂದೂವರೆಪಟ್ಟು ಭಾರ. ಹೈಡ್ರೋಜನ್ ಸಲ್ಫೈಡು ಸುಮಾರು 1.2 ಪಟ್ಟು ಭಾರ. ಮುಚ್ಚಳವನ್ನು ತೆರೆದ ಕೂಡಲೆ ಮೀಥೇನು ಬಹಳಮಟ್ಟಿಗೆ ಮೇಲೆದ್ದು ಹೋದೀತು. ಭಾರವಾದ ಎರಡು ಅನಿಲಗಳು ಹಾಗೆ ಸುಲಭವಾಗಿ ಹೋಗಲಾರವು.

ಹೈಡ್ರೋಜನ್ ಸಲ್ಫೈಡಿನ ವಂಚನೆ ವಿಚಿತ್ರವಾದುದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕೂ ಕಡಮೆಯಿದ್ದಾಗಲೇ ಅದರ ನಾತ ಮೂಗಿಗೆ ಬಡಿಯುತ್ತದೆ. ಆದರೆ ಪ್ರಮಾಣವು ನೂರು ಭಾಗಕ್ಕೇರಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮೂಗಿನ ಶಕ್ತಿ ಕುಂದಿ ವಾಸನೆಯೇ ತಿಳಿಯದಂತಾಗುತ್ತದೆ. “ನಾತ ಹೋಯಿತು, ಈಗ ಇಳಿಯಬಹುದು” ಎಂದು ಮನುಷ್ಯನು ನಂಬುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಏಳುನೂರರಿಂದ ಸಾವಿರ ಭಾಗದಷ್ಟಿದ್ದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಿ ಉಸಿರಾಟ ನಿಲ್ಲುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲು ನೆರವಾಗುವ ಕಿಣ್ವವನ್ನೇ ಅದು ತಡೆಹಿಡಿಯುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಕೋಶಗಳು ಉಸಿರುಕಟ್ಟಿ ಸಾಯುತ್ತವೆ.

ಮುಚ್ಚಳ ತೆಗೆದು ಒಂದು ದಿನ ಬಿಟ್ಟರೆ ಸಾಲದೇ? ಸಾಲದು. ಗೋಲಿ ಸೋಡದ ಶೀಸೆಯನ್ನು ನೆನಪಿಗೆ ತಂದುಕೊಳ್ಳಿರಿ. ತೆರೆದ ಶೀಸೆ ಸುಮ್ಮನಿದ್ದಾಗ ಗುಳ್ಳೆಗಳು ಮೆಲ್ಲನೆ ಏಳುತ್ತವೆ. ಅಲುಗಿಸಿದರೆ ಒಮ್ಮೆಗೇ ಉಕ್ಕುತ್ತವೆ. ಗಸಿಯಲ್ಲಿಯೂ ಹೀಗೆಯೇ ಅನಿಲವು ಕರಗಿ ಅಡಗಿರುತ್ತದೆ. ಮೇಲಣ ಗಾಳಿ ಶುದ್ಧವಾಗಿದೆಯೆಂದು ಇಳಿದವನು ಕಾಲಿನಿಂದ ಗಸಿಯನ್ನು ಕಲಕಿದೊಡನೆಯೇ ಅದು ಒಮ್ಮೆಲೇ ಹೊರನುಗ್ಗುತ್ತದೆ. ಅವನು ಕುಸಿಯುತ್ತಾನೆ. ಅವನನ್ನು ಎತ್ತಲು ಜೊತೆಯವನು ಇಳಿಯುತ್ತಾನೆ, ಅವನೂ ಕುಸಿಯುತ್ತಾನೆ. ಇಂಥ ದುರಂತಗಳಲ್ಲಿ ಒಂದೇ ತೊಟ್ಟಿಯಲ್ಲಿ ಇಬ್ಬರು ಮೂವರು ಸಾಯುವುದಕ್ಕೆ ಕಾರಣ ಇದೇ.

ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಇಳಿಯಬಹುದೆಂಬ ಹಳೆಯ ನಂಬಿಕೆಯೊಂದಿದೆ. ಇದು ಎರಡು ವಿಧದಲ್ಲಿ ತಪ್ಪು. ಗಾಳಿಯಲ್ಲಿ ಆಮ್ಲಜನಕವು ಸೇಕಡ 21ರಿಂದ ಸುಮಾರು 16ಕ್ಕೆ ಇಳಿದಾಗ ದೀಪ ಆರುತ್ತದೆ, ನಿಜ. ಆದರೆ ಮನುಷ್ಯನನ್ನು ಕೊಲ್ಲಲು ಹೈಡ್ರೋಜನ್ ಸಲ್ಫೈಡು ಸೇಕಡ 0.1 ಇದ್ದರೆ ಸಾಕು. ಅಷ್ಟರಿಂದ ಆಮ್ಲಜನಕ ಕಡಮೆಯಾಗದು, ದೀಪವು ನಿಶ್ಚಿಂತೆಯಿಂದ ಉರಿಯುತ್ತಿರುತ್ತದೆ. ಮೇಲಾಗಿ ಮೀಥೇನು ಗಾಳಿಯಲ್ಲಿ ಸೇಕಡ 5ರಿಂದ 15ರವರೆಗೆ ಬೆರೆತಿದ್ದರೆ ಆ ದೀಪವೇ ಸ್ಫೋಟಕ್ಕೆ ಕಿಡಿಯಾಗುತ್ತದೆ.

ಆದುದರಿಂದ ನಿಯಮ ಒಂದೇ: ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಇದು ವಿಜ್ಞಾನದ ಮಾತೂ ಹೌದು, ಕಾನೂನಿನ ಮಾತೂ ಹೌದು. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನಿಷ್ಟದ ವಿರುದ್ಧ ದೇಶವ್ಯಾಪಿಯಾಗಿ ಹೋರಾಡಿ 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. 2013ರ ಕೇಂದ್ರ ಶಾಸನದಂತೆ, ರಕ್ಷಣೆಯ ಸಾಧನಗಳಿಲ್ಲದೆ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕನ್ನು ಮನುಷ್ಯನ ಕೈಯಿಂದ ಶುಚಿಮಾಡಿಸುವವರಿಗೆ ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ಸಾವು ಸಂಭವಿಸಿದರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಾಲ್ಕು ಕಾಸು ಉಳಿಯುವುದೆಂದು ಕೂಲಿಯವನೊಬ್ಬನನ್ನು ಗುಂಡಿಗೆ ಇಳಿಸುವ ಗೃಹಸ್ಥನು ಈ ಹೊಣೆಯಿಂದ ತಪ್ಪಿಸಿಕೊಳ್ಳಲಾರನು.

ಹೀರುವ ಲಾರಿ

ಮನುಷ್ಯನು ಇಳಿಯದೆ ತೊಟ್ಟಿಯನ್ನು ಬರಿದುಮಾಡುವ ಸಾಧನವೇ ಹೀರುವ ಲಾರಿ. ಇದರ ಕೆಲಸದಲ್ಲಿ ಟಾರಿಚೆಲ್ಲಿಯ ಪ್ರಯೋಗವನ್ನು ಬಲ್ಲ ವಿದ್ಯಾರ್ಥಿಗೆ ಹೊಸದೇನೂ ಇಲ್ಲ. ಲಾರಿಯ ಮೇಲಿನ ಉಕ್ಕಿನ ಪೀಪಾಯಿಯಿಂದ ಒಂದು ಪಂಪು ಗಾಳಿಯನ್ನು ಹೊರದೂಡುತ್ತದೆ. ಒಳಗಿನ ಒತ್ತಡ ಕಡಮೆಯಾದಾಗ, ತೊಟ್ಟಿಯ ಮೇಲಿರುವ ವಾಯುಮಂಡಲದ ಒತ್ತಡವೇ ಗಸಿಯನ್ನು ಕೊಳವೆಯ ಮೂಲಕ ಮೇಲಕ್ಕೆ ನೂಕುತ್ತದೆ. ಲಾರಿ ಹೀರುತ್ತದೆಂದು ನಾವು ಹೇಳಿದರೂ ನಿಜವಾಗಿ ತಳ್ಳುವುದು ಹೊರಗಿನ ಗಾಳಿ. ಸಂಪೂರ್ಣ ನಿರ್ವಾತವಿದ್ದರೂ ನೀರು ಸುಮಾರು 10.3 ಮೀಟರಿಗಿಂತ ಮೇಲೇರದು. ವಾಸ್ತವದಲ್ಲಿ ನಿರ್ವಾತವು ಅಪೂರ್ಣ. ಗಸಿಯು ನೀರಿಗಿಂತ ದಪ್ಪ, ಕೊಳವೆಯ ಗೋಡೆಗೆ ಉಜ್ಜುತ್ತದೆ. ಆದುದರಿಂದ ಆರೇಳು ಮೀಟರೇ ಮಿತಿ. ಇಕ್ಕಟ್ಟಾದ ಓಣಿಯ ಮನೆಗೆ ಲಾರಿ ಬರಲಾರದೆ ಉದ್ದನೆಯ ಕೊಳವೆ ಹಾಯಿಸಿದಾಗ ಕೆಲಸ ನಿಧಾನವಾಗುವುದೂ ಈ ಉಜ್ಜಾಟದಿಂದಲೇ.

ಬಹುಕಾಲ ತೆಗೆಯದ ಗಸಿಯು ಗಟ್ಟಿಯಾಗಿ ಕೊಳವೆಗೆ ಏರುವುದಿಲ್ಲ. ಆಗ ಮೇಲಿನಿಂದಲೇ ನೀರನ್ನು ರಭಸವಾಗಿ ಹಾಯಿಸಿ ತೆಳುಮಾಡಬೇಕೇ ಹೊರತು ಗುದ್ದಲಿ ಕೊಟ್ಟು ಆಳನ್ನು ಇಳಿಸಬಾರದು. ಕಾಲಕಾಲಕ್ಕೆ ಬರಿದುಮಾಡುವುದರ ದೊಡ್ಡ ಪ್ರಯೋಜನ ಇದು: ಗಸಿ ಗಟ್ಟಿಯಾಗುವ ಮೊದಲೇ ಯಂತ್ರವು ಅದನ್ನು ತೆಗೆಯಬಲ್ಲುದು. ತಳದಲ್ಲಿ ಸ್ವಲ್ಪ ಗಸಿಯನ್ನು ಹೆಪ್ಪಿನಂತೆ ಉಳಿಸುವುದು ಒಳ್ಳೆಯದು. ಹೊಸ ಕೊಳೆಗೆ ಬ್ಯಾಕ್ಟೀರಿಯಗಳು ಅಲ್ಲಿಂದ ಹಬ್ಬುತ್ತವೆ. ತೊಟ್ಟಿಯನ್ನು ಆಸಿಡ್ಡಿನಿಂದಲೋ ಫಿನಾಯಿಲಿನಿಂದಲೋ ತೊಳೆಯುವುದು ಹೆಪ್ಪಿನ ಕುಡಿಕೆಯನ್ನು ಕುದಿಯುವ ನೀರಿನಲ್ಲಿ ಅದ್ದಿದಂತೆಯೇ ಸರಿ.

ಗಾಲಿಯ ಮೇಲಿನ ತೊಟ್ಟಿ

ಮನೆಯೇ ಚಲಿಸಿದರೆ ತೊಟ್ಟಿಯೂ ಜೊತೆಗೆ ಚಲಿಸಬೇಕಷ್ಟೆ. ಇದಕ್ಕೆ ನಮಗೆ ಅತಿ ಪರಿಚಿತವಾದ ಉದಾಹರಣೆ ರೈಲುಗಾಡಿ. ಹುಬ್ಬಳ್ಳಿಯಿಂದ ಬರುವ ಗಾಡಿ ತುಂಗಭದ್ರೆಯನ್ನು ದಾಟಿ ಹರಿಹರವನ್ನೂ ಬಳಿಕ ದಾವಣಗೆರೆಯನ್ನೂ ಸೇರುತ್ತದೆ. ಹಿಂದೆ ಡಬ್ಬಿಗಳ ಶೌಚಾಲಯದಿಂದ ಎಲ್ಲವೂ ನೇರವಾಗಿ ಹಳಿಯ ಮೇಲೆ, ಸೇತುವೆಯಾದರೆ ಹೊಳೆಗೆ, ಬೀಳುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರಿನ ಪ್ರಯೋಗಾಲಯವು ರೂಪಿಸಿದ ಜೈವಿಕ ಶೌಚಾಲಯವನ್ನು 2011ರಿಂದೀಚೆಗೆ ಡಬ್ಬಿಗಳಿಗೆ ಅಳವಡಿಸುತ್ತ ಬಂದರು. ಡಬ್ಬಿಯ ಅಡಿಯ ತೊಟ್ಟಿಯಲ್ಲಿ ನಾವು ಮೇಲೆ ಹೇಳಿದ ಬ್ಯಾಕ್ಟೀರಿಯಗಳೇ ಕೆಲಸಮಾಡುತ್ತವೆ. ಉಳಿದ ನೀರು ಕ್ಲೋರೀನಿನ ಸೋಂಕಿಗೆ ಒಳಗಾಗಿ ಹೊರಬೀಳುತ್ತದೆ. ಪ್ರಯಾಣಿಕರು ಬಾಟಲು, ಬಟ್ಟೆ, ಪ್ಲಾಸ್ಟಿಕ್ಕುಗಳನ್ನು ಒಳಗೆ ಹಾಕಬಾರದೆಂಬ ಎಚ್ಚರಿಕೆಯ ಅರ್ಥ ಈಗ ತಿಳಿಯುತ್ತದೆ: ಬ್ಯಾಕ್ಟೀರಿಯಗಳು ಅವನ್ನು ತಿನ್ನಲಾರವು.

ಪಶ್ಚಿಮ ದೇಶಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದು ನಮ್ಮಲ್ಲಿಯೂ ಅಲ್ಲಲ್ಲಿ ಕಾಣುವ ಪ್ರವಾಸದ ಮನೆಬಂಡಿಯಲ್ಲಿ ಎರಡು ತೊಟ್ಟಿಗಳಿರುತ್ತವೆ: ಶೌಚದ ಕೊಳೆಗೆ ಒಂದು, ಅಡುಗೆ ಮತ್ತು ಸ್ನಾನದ ನೀರಿಗೆ ಇನ್ನೊಂದು. ಶೌಚದ ತೊಟ್ಟಿಯ ಬಾಗಿಲನ್ನು ತೆರೆದೇ ಇಟ್ಟರೆ ನೀರು ಮಾತ್ರ ಹರಿದುಹೋಗಿ ಗಟ್ಟಿಯಾದುದು ಗುಡ್ಡೆಯಾಗಿ ನಿಲ್ಲುತ್ತದೆ. ಆದುದರಿಂದ ಮೂರರಲ್ಲಿ ಎರಡು ಭಾಗ ತುಂಬುವವರೆಗೆ ಅದನ್ನು ಮುಚ್ಚಿಟ್ಟು, ಬಳಿಕ ಒಮ್ಮೆಗೇ ಬಿಡುತ್ತಾರೆ. ಅನಂತರ ಸ್ನಾನದ ನೀರನ್ನು ಬಿಟ್ಟು ಕೊಳವೆಯನ್ನು ತೊಳೆಯುತ್ತಾರೆ. ಇದನ್ನು ಮನೆಯ ಸೆಪ್ಟಿಕ್ ಟ್ಯಾಂಕಿಗೆ ಬಿಡಬಹುದೇ ಎಂಬ ಪ್ರಶ್ನೆಗೆ ನಮ್ಮ ಪಾಠವೇ ಉತ್ತರ ಕೊಡುತ್ತದೆ. ಮನೆಯ ತೊಟ್ಟಿಗೆ ದಿನವೊಂದಕ್ಕೆ 150 ಲೀಟರು ಬರುತ್ತದೆಂದು ಎಣಿಸೋಣ. ಬಂಡಿಯಿಂದ ಅದೇ 150 ಲೀಟರು ಎರಡು ನಿಮಿಷದಲ್ಲಿ ನುಗ್ಗಿದರೆ ಹರಿವಿನ ವೇಗ ದಿನದ ಸರಾಸರಿಯ 720 ಪಟ್ಟಾಗುತ್ತದೆ. ಕಲಕಿದ ಜಾಡಿಯಂತೆ ಗಸಿಯೆದ್ದು ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದಿಗಳನ್ನು ಕಟ್ಟಿಬಿಡುತ್ತದೆ. ಎರಡನೆಯದಾಗಿ, ಬಂಡಿಯ ತೊಟ್ಟಿ ನಾರದಿರಲೆಂದು ಹಾಕುವ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡು ಇರುತ್ತದೆ. ಕಾಲೇಜಿನ ಪ್ರಾಣಿಶಾಸ್ತ್ರದ ಶಾಲೆಯಲ್ಲಿ ಕಪ್ಪೆ ಮೀನುಗಳನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಅದರದೇ ದ್ರಾವಣ. ಕೊಳೆಯದಂತೆ ತಡೆಯುವುದನ್ನು ಕೊಳೆಯಿಸುವ ತೊಟ್ಟಿಗೆ ಸುರಿದರೆ ಫಲವೇನೆಂದು ಹೇಳಬೇಕಾದುದಿಲ್ಲ. ಆದುದರಿಂದ ಅಂಥ ದ್ರಾವಣವಿಲ್ಲದಿದ್ದರೆ, ತೊಟ್ಟಿಯಲ್ಲಿ ಸ್ಥಳವಿದ್ದರೆ, ಸ್ವಲ್ಪಸ್ವಲ್ಪವಾಗಿ ಒಳಕೊಳವೆಯ ಮೂಲಕ ಬಿಡಬಹುದು. ಇಂಗುಗುಂಡಿಗೆ, ಚರಂಡಿಗೆ, ಕಾಲುವೆಗೆ ಎಂದೂ ಬಿಡಬಾರದು.

ಜೋಡಿಗುಂಡಿಯ ಜಾಣ್ಮೆ

ಬರಿದುಮಾಡುವ ಕಷ್ಟವನ್ನೇ ಬಹುವಾಗಿ ನಿವಾರಿಸುವ ಉಪಾಯವೊಂದು ನಮ್ಮ ದೇಶದಲ್ಲಿಯೇ ಬೆಳೆದುಬಂದಿದೆ. ಅದು ಜೋಡಿಗುಂಡಿ ಶೌಚಾಲಯ. ಲಖನೌದ ಯೋಜನಾ ಸಂಶೋಧನಾ ಸಂಸ್ಥೆಯು 1950ರ ದಶಕದಲ್ಲಿ ನೀರಿನ ತಡೆಯುಳ್ಳ ಅಗ್ಗದ ಶೌಚಾಲಯವನ್ನು ರೂಪಿಸಿತು. ಬಿಂದೇಶ್ವರ ಪಾಠಕರು 1970ರಲ್ಲಿ ಸ್ಥಾಪಿಸಿದ ಸುಲಭ ಸಂಸ್ಥೆಯು ಎರಡು ಗುಂಡಿಗಳ ಮಾದರಿಯನ್ನು ದೇಶದೆಲ್ಲೆಡೆ ಹರಡಿತು. ಬೋಗುಣಿಯ ಕೆಳಗೆ ಬಾಗಿದ ಕೊಳವೆಯಲ್ಲಿ 20 ಮಿಲಿಮೀಟರು ನೀರು ಸದಾ ನಿಂತು ನಾತವನ್ನೂ ನೊಣವನ್ನೂ ತಡೆಯುತ್ತದೆ. ಒಂದೆರಡು ಲೀಟರು ನೀರು ಸುರಿದರೆ ಎಲ್ಲವೂ ಗುಂಡಿಗೆ ಸೇರುತ್ತದೆ. ಗುಂಡಿಯ ಗೋಡೆ ಕಿಂಡಿಗಳಿಂದ ಕೂಡಿದ್ದು ನೀರು ಮಣ್ಣಿಗೆ ಇಂಗುತ್ತದೆ.

ಒಂದು ಮೀಟರು ವ್ಯಾಸ, ಒಂದು ಮೀಟರು ಆಳದ ಗುಂಡಿಯ ಗಾತ್ರ ಸುಮಾರು 785 ಲೀಟರು. ಇಂಥ ಗುಂಡಿಯಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 45 ಲೀಟರಿನಂತೆ ಐದು ಜನರಿಗೆ ಮೂರು ವರ್ಷಕ್ಕೆ 675 ಲೀಟರು ಶೇಷ ಕೂಡುತ್ತದೆ. ಮೊದಲ ಗುಂಡಿ ತುಂಬಿದಾಗ ಕವಲಿನಲ್ಲಿ ಅದರ ಬಾಯಿ ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಮೂರು ವರ್ಷ ವಿಶ್ರಮಿಸಿ, ನಾತವಿಲ್ಲದ, ಪುಡಿಯಾದ, ತಿಪ್ಪೆಯ ಗೊಬ್ಬರದಂಥ ಮಣ್ಣಾಗಿರುತ್ತದೆ. ಜಂತುಹುಳುಗಳ ಮೊಟ್ಟೆ ರೋಗಾಣುಗಳಿಗಿಂತ ಗಟ್ಟಿಜೀವಿ. ಅದು ಸಾಯಲು ಈ ದೀರ್ಘ ವಿಶ್ರಾಂತಿ ಅವಶ್ಯಕ. 2017ರ ಫೆಬ್ರವರಿಯಲ್ಲಿ ಕೇಂದ್ರದ ನೈರ್ಮಲ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಇಂಥ ಗುಂಡಿಯೊಳಕ್ಕೆ ತಾವೇ ಇಳಿದು ಗೊಬ್ಬರವನ್ನು ಎತ್ತಿ ತೋರಿಸಿದರು. ವಿಶ್ರಮಿಸಿದ ಒಣಗುಂಡಿಗೂ ಹಸಿ ಗಸಿಯ ಸೆಪ್ಟಿಕ್ ಟ್ಯಾಂಕಿಗೂ ಇರುವ ಅಂತರವನ್ನು ಓದುಗರು ಇಲ್ಲಿ ಚೆನ್ನಾಗಿ ಗಮನಿಸಬೇಕು. ಒಂದಕ್ಕೆ ಸಲ್ಲುವುದು ಇನ್ನೊಂದಕ್ಕೆ ಸಲ್ಲದು.

ಈ ಜಾಣ್ಮೆಯನ್ನು ಕೆಡಿಸುವ ತಪ್ಪು ಒಂದುಂಟು. ಎರಡು ಗುಂಡಿಗಳಿಗೂ ಒಟ್ಟಿಗೇ ಕೊಳೆ ಹರಿಯುವಂತೆ ಕಟ್ಟಿದರೆ ಎರಡೂ ಒಟ್ಟಿಗೇ ತುಂಬುತ್ತವೆ, ಯಾವುದಕ್ಕೂ ವಿಶ್ರಾಂತಿಯಿಲ್ಲ. ಗುಂಡಿ ಕಟ್ಟುವಾಗ ಗಾರೆಯವರಿಗೆ ಇದನ್ನು ಬಿಡಿಸಿ ಹೇಳತಕ್ಕದ್ದು.

ಲಾರಿ ಹೋಗುವುದೆಲ್ಲಿಗೆ?

ಹಣ ತೆತ್ತು ಲಾರಿಯನ್ನು ಕಳುಹಿಸಿದಲ್ಲಿಗೆ ನಮ್ಮ ಕೆಲಸ ಮುಗಿಯಿತೇ? ತೊಟ್ಟಿಯ ಗಸಿಯು ಸಾಮಾನ್ಯ ಚರಂಡಿ ನೀರಿಗಿಂತ ಹತ್ತಾರು ಪಟ್ಟು ತೀಕ್ಷ್ಣವಾದುದು. ಒಂದು ಲಾರಿಯಷ್ಟನ್ನು ಹಳ್ಳಕ್ಕೆ ಸುರಿದರೆ ನೀರಿನ ಬ್ಯಾಕ್ಟೀರಿಯಗಳು ಅದನ್ನು ಕೊಳೆಯಿಸಲು ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಸಾಯುತ್ತದೆ. ಈ ಸೀಮೆಯ ಹಳ್ಳಗಳು ಕೊನೆಗೆ ಸೇರುವುದು ತುಂಗಭದ್ರೆಯನ್ನು. ಹರಿಹರವೂ ದಾವಣಗೆರೆಯೂ, ಕೆಳಗಿನ ಅನೇಕ ಊರುಗಳೂ ಕುಡಿಯುವುದು ಆ ಹೊಳೆಯ ನೀರನ್ನೇ. ಹೊಲಕ್ಕೆ ಹಸಿಯಾಗಿ ಸುರಿದರೆ ಬೆಳೆಗೆ ಸಾರ ಸಿಕ್ಕೀತು; ಆದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಬರಿಗಾಲಿನಲ್ಲಿ ಬರಿಗೈಯಲ್ಲಿ ದುಡಿಯುವವರನ್ನೂ ಹಸಿ ಸೊಪ್ಪು ತಿನ್ನುವವರನ್ನೂ ಕಾಡುತ್ತವೆ.

ಇದಕ್ಕೆ ದಾರಿಯನ್ನು ನಮ್ಮ ರಾಜ್ಯದ ದೇವನಹಳ್ಳಿ ತೋರಿಸಿತು. ಒಳಚರಂಡಿಯಿಲ್ಲದ ಆ ಪಟ್ಟಣದಲ್ಲಿ 2015ರಲ್ಲಿ, ತೊಟ್ಟಿಗಳ ಗಸಿಗಾಗಿಯೇ ಒಂದು ಶುದ್ಧೀಕರಣ ಸ್ಥಾವರವನ್ನು ಸ್ಥಾಪಿಸಿದರು. ದೇಶದಲ್ಲಿ ಈ ಬಗೆಯ ಮೊದಲಿನವುಗಳಲ್ಲಿ ಅದೊಂದು. ದಿನಕ್ಕೆ 6,000 ಲೀಟರು ಗಸಿಯನ್ನು ಅದು ಸಂಸ್ಕರಿಸಬಲ್ಲುದು. ಇಳಿಜಾರಿನಲ್ಲಿ ಗಸಿ ತಾನಾಗಿ ಹರಿದು, ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಮರಳಿನ ಹಾಸಿನ ಮೇಲೆ ಒಣಗುತ್ತದೆ. ಸೋಸಿದ ನೀರು ಬೇರೆಯಾಗಿ ಶುದ್ಧಿಯಾಗುತ್ತದೆ. ಒಣಗಿದುದನ್ನು ಕಸದೊಡನೆ ಸೇರಿಸಿ ಕಾಂಪೋಸ್ಟು ಮಾಡಿದಾಗ ಹುಟ್ಟುವ ಕಾವಿನಿಂದ ಉಳಿದ ಮೊಟ್ಟೆಗಳೂ ಸಾಯುತ್ತವೆ. ನಮ್ಮ ಜಾಡಿಯ ಪ್ರಯೋಗ, ಬ್ಯಾಕ್ಟೀರಿಯಗಳ ಕೆಲಸ, ಮಣ್ಣಿನ ಸೋಸುವಿಕೆ ಇವು ಮೂರೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. ಲಾರಿಯವನನ್ನು ಕರೆಯುವ ಮೊದಲು “ಎಷ್ಟು ಕೊಡಬೇಕು?” ಎಂದು ಕೇಳುವ ನಾವು “ಎಲ್ಲಿ ಹಾಕುತ್ತೀರಿ?” ಎಂದೂ ಕೇಳಬೇಕು. ಹತ್ತು ಮನೆಗಳವರು ಈ ಪ್ರಶ್ನೆಯನ್ನು ಪಂಚಾಯತಿಯಲ್ಲಿ ಎತ್ತಿದರೆ ಸುತ್ತಣ ಹಳ್ಳಿಗಳಿಗೆಲ್ಲ ಒಂದು ಸ್ಥಾವರ ಬೇಕೆಂಬ ಮಾತಿಗೆ ಬಲ ಬರುತ್ತದೆ.

ಅಭ್ಯಾಸಕ್ಕಾಗಿ

1. ನಿಮ್ಮ ಮನೆಯ ತೊಟ್ಟಿಯ ಉದ್ದ, ಅಗಲ, ಆಳಗಳನ್ನು ಹಿರಿಯರಿಂದ ಕೇಳಿ ತಿಳಿದು, ಮನೆಯ ಜನರ ಸಂಖ್ಯೆಗೆ ಅನುಸಾರವಾಗಿ ಅದು ಎಷ್ಟು ವರ್ಷಕ್ಕೆ ಮೂರರಲ್ಲಿ ಒಂದು ಭಾಗ ತುಂಬುವುದೆಂದು ಲೆಕ್ಕ ಹಾಕಿರಿ.

2. ತೊಟ್ಟಿ, ಇಂಗುಗುಂಡಿ, ಬಾವಿ ಅಥವಾ ಕೊಳವೆಬಾವಿ ಇವುಗಳ ನಡುವಣ ಅಂತರವನ್ನು ಅಳೆದು ನಕ್ಷೆ ಬರೆಯಿರಿ. ಪಕ್ಕದ ಮನೆಯ ಬಾವಿಯನ್ನೂ ಸೇರಿಸಲು ಮರೆಯದಿರಿ.

3. ಶಾಲೆಯ ಅಂಗಳದಲ್ಲಿ ಇಂಗುವಿಕೆಯ ಪರೀಕ್ಷೆಯನ್ನು ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿ ಫಲಿತಾಂಶಗಳನ್ನು ಹೋಲಿಸಿರಿ.

4. ದೀಪದ ಪರೀಕ್ಷೆಯು ಏಕೆ ನಂಬತಕ್ಕದ್ದಲ್ಲವೆಂಬುದನ್ನು ಮನೆಯವರಿಗೂ ನೆರೆಯವರಿಗೂ ನಿಮ್ಮ ಮಾತಿನಲ್ಲಿ ವಿವರಿಸಿರಿ. ನಾಲ್ಕರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿರಿ.